ಹತ್ತು ಡಾಲರ್, ಐದು ಡಾಲರ್

ಭಾನುವಾರ ಕಬ್ಬನ್ ಪಾರ್ಕಿನ ಬಿದಿರು ಮೆಳೆ ಹತ್ತಿರ ಕೂತು ಅಮೆರಿಕದ ಇತಿಹಾಸ ಓದುತ್ತಿದ್ದೆ. ಒಂದು ಲೆಕ್ಕ ಕಂಡು ಪುಸ್ತಕ ಮುಚ್ಚಿಬಿಟ್ಟೆ. 1850ರ ಕಾನೂನು ಅದು. ತಪ್ಪಿಸಿಕೊಂಡು ಬಂದ ಗುಲಾಮನನ್ನು ಒಡೆಯನಿಗೆ ಒಪ್ಪಿಸಿದರೆ, ತೀರ್ಪು ಕೊಡುವ ಅಧಿಕಾರಿಯಾದ ಕಮಿಷನರ್‌ಗೆ 10 ಡಾಲರ್ ಫೀಸು. ಬಿಟ್ಟು ಕಳಿಸಿದರೆ 5. ಸಿಕ್ಕಿಬಿದ್ದವನು ತನ್ನ ಪರ ಸಾಕ್ಷಿ ಹೇಳುವಂತೆಯೂ ಇರಲಿಲ್ಲ. ಇದು ಲಂಚವೇ ಅಲ್ವಾ?

ಆಮೇಲೆ ಗುಲಾಮಗಿರಿ ವಿಚಾರಕ್ಕೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ಜಗಳ ಜಾಸ್ತಿಯಾಗುತ್ತಲೇ ಹೋಯಿತು. ಕಾನ್ಸಾಸ್‌ನಲ್ಲಿ ರಕ್ತ ಹರಿಯಿತು. 1856ರಲ್ಲಿ ಸೆನೆಟ್ ಒಳಗೇ ದಕ್ಷಿಣದ ಸಂಸದ ಪ್ರೆಸ್ಟನ್ ಬ್ರೂಕ್ಸ್, ಗುಲಾಮಗಿರಿ ವಿರೋಧಿಸಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಕೋಲಿನಿಂದ ಪ್ರಜ್ಞೆ ತಪ್ಪುವಷ್ಟು ಹೊಡೆದ. ದಕ್ಷಿಣದ ಜನ ಅವನಿಗೆ ಹೊಸ ಕೋಲುಗಳನ್ನು ಉಡುಗೊರೆ ಕಳಿಸಿದರು! 1860ರ ಅಧ್ಯಕ್ಷ ಚುನಾವಣೆಯಲ್ಲಿ, ಗುಲಾಮಗಿರಿ ಹರಡುವುದನ್ನು ವಿರೋಧಿಸಿದ್ದ ಲಿಂಕನ್ ಗೆದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಉತ್ತರ-ದಕ್ಷಿಣಗಳ ನಡುವೆ ಯುದ್ಧ.

ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದಳು: “ಅಪ್ಪಾ, ಆ 5 ಡಾಲರ್ ತಗೊಂಡವರೂ ಇದ್ರಾ?”