ರಾಜಕುಮಾರನ ಹೆಗಲು, ರಾಜಕುಮಾರಿಯ ತೋಳು

ಎರಡೂ ಹೆಗಲು ಒಂದೇ ಸಮ ಇರುವವರು ಬಹಳ ಕಡಿಮೆ. ಕಾರವಾರದಲ್ಲಿ ಇಷ್ಟು ವರ್ಷ ಟೇಪು ಹಿಡಿದು ನಿಂತ ಮೇಲೆ ಇದನ್ನು ಧೈರ್ಯವಾಗಿ ಹೇಳಬಲ್ಲೆ. ವ್ಯತ್ಯಾಸ ಸ್ವಲ್ಪ ಇದ್ದರೆ ತಗ್ಗಿದ ಕಡೆ ತೆಳು ಪ್ಯಾಡ್ ಇಡುತ್ತೇನೆ. ಜಾಸ್ತಿ ಇದ್ದರೆ ಮೇಲೊಂದು ಕೇಪ್ ಬರುವ ಹಾಗೆ ಡಿಸೈನನ್ನೇ ಬದಲಿಸುತ್ತೇನೆ. ಗಿರಾಕಿಗೆ ಕಾರಣ ಹೇಳುವುದಿಲ್ಲ. ‘ಇದು ನಿಮಗೆ ಚೆನ್ನಾಗಿ ಒಪ್ಪುತ್ತದೆ’ ಅಂದರೆ ಸಾಕು.

ಸ್ಪೇನಿನ ರಾಜಕುಮಾರ ಡಾನ್ ಕಾರ್ಲೋಸ್‌ನ ಚಿತ್ರದಲ್ಲಿ ಇದೇ ಉಪಾಯ ಕಂಡಾಗ ನನಗೆ ನಗು ಬಂತು. ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. 1550ರ ದಶಕದ ಕೊನೆಯ ಹೊತ್ತಿನದು. ಹುಡುಗನ ಬೆನ್ನು ಗೂನು, ಹೆಗಲು ಏರುಪೇರು. ಆದರೆ ಚಿತ್ರದಲ್ಲಿ ಹುಡುಕಿ ನೋಡಿ, ಸಿಗುವುದಿಲ್ಲ. ಮೇಲೊಂದು ಗಿಡ್ಡ ಮೇಲಂಗಿ ಇದೆ. ಅದಕ್ಕೆ ಲಿಂಕ್ಸ್ ಎಂಬ ಕಾಡುಬೆಕ್ಕಿನ ತುಪ್ಪಳದ ಅಂಚು. ದಪ್ಪ ತುಪ್ಪಳ ಹೆಗಲ ಮೇಲೆ ಕೂತರೆ ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತಾಗುತ್ತದೆ? ಮುಂದೆ ಅಪ್ಪ ಎರಡನೇ ಫಿಲಿಪ್‌ನೇ ಈ ಮಗನನ್ನು ಕೋಣೆಯಲ್ಲಿ ಕೂಡಿಹಾಕಿದ. 1568ರಲ್ಲಿ ಹುಡುಗ ಅಲ್ಲೇ ಸತ್ತ. ಚಿತ್ರದಲ್ಲಿ ಮಾತ್ರ ಹೆಗಲು ನೆಟ್ಟಗೇ ಇದೆ.

ಬರೆದವನು ಅಲೋನ್ಸೋ ಸಾಂಚೆಸ್ ಕೊಯೆಯೋ. ಫಿಲಿಪ್‌ನ ಆಸ್ಥಾನದ ಚಿತ್ರಕಾರ. ವೆಲಾಸ್ಕೆಸ್, ಗೋಯಾ ಹೆಸರು ಕೇಳಿದವರು ಬೇಕಾದಷ್ಟು ಜನ. ಇವನನ್ನು ಕೇಳಿದವರು ಕಮ್ಮಿ. ಹುಟ್ಟಿದ್ದು ವೆಲೆನ್ಸಿಯಾ ಹತ್ತಿರದ ಒಂದು ಹಳ್ಳಿಯಲ್ಲಿ, ಸುಮಾರು 1531ರಲ್ಲಿ. ಬೆಳೆದದ್ದು ಪೋರ್ಚುಗಲ್‌ನಲ್ಲಿ. ಗೋವಾ ಆಗಲೇ ಪೋರ್ಚುಗೀಸರ ಕೈಯಲ್ಲಿತ್ತು. ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಅವರು 1505ರಲ್ಲೇ ಕೋಟೆ ಕಟ್ಟಿದ್ದರು. 1580ರಲ್ಲಿ ಪೋರ್ಚುಗಲ್ ಕಿರೀಟವೂ ಫಿಲಿಪ್‌ಗೇ ಹೋಯಿತು. ಅಂದರೆ ಮಾಜಾಳಿ ದಾಟಿ ಸಿಗುವ ಗೋವಾ ಕೂಡ ಒಂದು ಕಾಲಕ್ಕೆ ಇದೇ ರಾಜನ ಹೆಸರಿನಲ್ಲಿತ್ತು. ಗೋವಾ ಕಡೆಯ ಲಗ್ನದ ಬಿಳಿ ಗೌನುಗಳೇ ನನ್ನ ಅಂಗಡಿಗೆ ಅನ್ನ ಹಾಕುವುದರಿಂದ ನನಗೆ ಇದು ಅಷ್ಟೇನೂ ದೂರದ ಕತೆ ಅನ್ನಿಸುವುದಿಲ್ಲ.

ಕೊಯೆಯೋ ಫ್ಲಾಂಡರ್ಸ್‌ಗೆ, ಅಂದರೆ ಈಗಿನ ಬೆಲ್ಜಿಯಂ ಕಡೆಗೆ, ಹೋಗಿ ಆಂಟೋನಿಸ್ ಮೋರ್ ಎಂಬ ದೊಡ್ಡ ಚಿತ್ರಕಾರನ ಹತ್ತಿರ ಕಲಿತ. ಲಿಸ್ಬನ್ ಅರಮನೆಯಲ್ಲಿ ಕೆಲಸ ಮಾಡಿದ. ಆಮೇಲೆ ಸ್ಪೇನಿಗೆ ಬಂದ. ಬೆಳ್ಳಿ ಕೆಲಸದವರ ಮನೆಯ ಲೂಯಿಸಾ ರೆಯ್ನಾಲ್ತೆಯನ್ನು ಮದುವೆಯಾದ. ಅವನ ಚಿತ್ರಗಳಲ್ಲಿ ಒಡವೆ ಅಷ್ಟು ನಿಖರವಾಗಿರುವುದಕ್ಕೆ ಹೆಂಡತಿಯ ತವರೂ ಕಾರಣ ಇರಬೇಕು ಅಂತ ನನ್ನ ಗುಮಾನಿ. ರಾಜನಿಗೆ ಇವನ ಮೇಲೆ ಎಷ್ಟು ಸಲಿಗೆ ಅಂದರೆ, ಮನೆಯುಡುಪಿನಲ್ಲೇ ಒಳದಾರಿಯಿಂದ ಬಂದು, ಚಿತ್ರ ಬರೆಯುತ್ತ ಕೂತವನ ಹೆಗಲ ಮೇಲೆ ಕೈ ಇಡುತ್ತಿದ್ದನಂತೆ. ಪಾಚೆಕೊ ಎಂಬ ಚಿತ್ರಕಾರ ಬರೆದಿಟ್ಟ ಕತೆ ಇದು. ಈ ಪಾಚೆಕೊ ವೆಲಾಸ್ಕೆಸ್‌ನ ಮಾವ.

ಈಗ ನನ್ನ ಮೆಚ್ಚಿನ ಚಿತ್ರಕ್ಕೆ ಬರುತ್ತೇನೆ. 1579ರದ್ದು. ಫಿಲಿಪ್‌ನ ಮಗಳು, ರಾಜಕುಮಾರಿ ಇಸಬೆಲ್ ಕ್ಲಾರಾ ಯೂಹೆನಿಯಾ. ವಯಸ್ಸು ಹದಿಮೂರರ ಆಸುಪಾಸು. ಬಿಳಿ ಉಡುಪು, ಮೈತುಂಬ ಚಿನ್ನದ ಕಸೂತಿ, ಕುತ್ತಿಗೆಗೆ ನೆರಿಗೆಯ ಕಾಲರ್, ತಲೆಗೆ ಗರಿ ಸಿಕ್ಕಿಸಿದ ಟೋಪಿ. ತೋಳು ನೋಡಿ. ಹೊರಗಿನ ತೋಳು ಅಗಲವಾಗಿ ಬಾಯಿ ತೆರೆದು ಕೆಳಗೆ ಇಳಿಬಿದ್ದಿದೆ. ಅದರೊಳಗಿಂದ ಬೇರೆಯೇ ಒಂದು ಬಿಗಿ ತೋಳು ಹೊರಬರುತ್ತದೆ. ಲೈನಿಂಗ್ ಯಾವುದು, ಹೊರಬಟ್ಟೆ ಯಾವುದು, ಎಲ್ಲಿ ಅಂಚು ಮಡಚಿದೆ, ಎಲ್ಲ ಕಾಣುತ್ತದೆ. ಇಂಥ ಇಳಿಬಿದ್ದ ತೋಳನ್ನು ನಾನು ಯಾವ ಮದುಮಗಳಿಗೂ ಹೊಲಿದು ಕೊಡಲಾರೆ. ಊಟಕ್ಕೆ ಕೂತರೆ ಮೊದಲು ಸಾರಿನಲ್ಲಿ ಮುಳುಗುವುದು ಅದೇ.

ಆ ಕಾಲದ ಸ್ಪೇನಿನ ಹೆಂಗಸರ ಲಂಗ ಗಂಟೆಯ ಆಕಾರದಲ್ಲಿ ನಿಲ್ಲುತ್ತಿತ್ತು. ಒಳಗೆ ಬಳೆಬಳೆಯಾಗಿ ಬಳ್ಳಿ ಸೇರಿಸಿ ಹೊಲಿದ ಇನ್ನೊಂದು ಲಂಗ, ವೆರ್ದುಗಾದೊ. ಯಕ್ಷಗಾನದ ವೇಷಧಾರಿ ಹಳೇ ಸೀರೆ ಸುತ್ತಿ ಸುತ್ತಿ ಮೈ ದೊಡ್ಡದು ಮಾಡಿಕೊಳ್ಳುತ್ತಾನಲ್ಲ, ಹಾಗೇ ಇಲ್ಲೂ ಆಕಾರ ಎಲ್ಲ ಒಳಗಿನದು. ಅದನ್ನು ಕತ್ತರಿಸುವ ಲೆಕ್ಕವೂ ಸಿಗುತ್ತದೆ! ಹುವಾನ್ ದೆ ಆಲ್ಸೆಗಾ ಎಂಬಾತ 1580ರಲ್ಲಿ ಮ್ಯಾಡ್ರಿಡ್‌ನಲ್ಲಿ ದರ್ಜಿಗಳಿಗೆಂದೇ ಪುಸ್ತಕ ಅಚ್ಚು ಹಾಕಿಸಿದ. ಬಟ್ಟೆಯ ಮೇಲೆ ಯಾವ ತುಂಡು ಎಲ್ಲಿ ಇಟ್ಟರೆ ಕಮ್ಮಿ ವೇಸ್ಟ್ ಆಗುತ್ತದೆ ಅಂತ ನಕ್ಷೆ ಸಮೇತ ತೋರಿಸಿದ್ದಾನೆ. ಈ ಚಿತ್ರ ಬರೆದು ಒಂದೇ ವರ್ಷಕ್ಕೆ ಬಂದ ಪುಸ್ತಕ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಅರ್ಧ ದಿನ ಹೋಗಿದ್ದೇ ತಿಳಿಯುವುದಿಲ್ಲ.

ಕೊಯೆಯೋನ ಬಗ್ಗೆ ಒಂದು ದೂರಿದೆ. ಬಟ್ಟೆಗೆ ಜೀವ ಇದೆ, ಜನ ಮಾತ್ರ ಗೊಂಬೆಗಳು ಅಂತ. ನಾನು ಒಪ್ಪುವುದಿಲ್ಲ. ಅಷ್ಟು ಭಾರದ ಬಟ್ಟೆ ತೊಟ್ಟು, ಗಟ್ಟಿ ಕಾಲರ್ ಕಟ್ಟಿಕೊಂಡು ನಿಂತ ಹದಿಮೂರರ ಹುಡುಗಿ ಬೇರೆ ಹೇಗೆ ತಾನೇ ನಿಲ್ಲುತ್ತಾಳೆ? ಟ್ರಯಲ್ ರೂಮಿನಲ್ಲಿ ಮೊದಲ ಸಲ ಗೌನು ತೊಟ್ಟ ಹುಡುಗಿಯರೂ ಹೀಗೇ ನಿಲ್ಲುತ್ತಾರೆ. ಉಸಿರು ಹಿಡಿದು, ಕೈ ಎಲ್ಲಿಡಬೇಕೋ ತಿಳಿಯದೆ. ಮೇಲಾಗಿ ಈ ಚಿತ್ರಗಳು ಬೇರೆ ಬೇರೆ ರಾಜ್ಯದ ನೆಂಟರಿಗೆ, ಸಂಬಂಧ ಮಾತಾಡುವವರಿಗೆ ಹೋಗುತ್ತಿದ್ದವು. ಅವರಿಗೆ ಬೇಕಾದದ್ದು ಮನಸ್ಸಿನ ಒಳಗುಟ್ಟಲ್ಲ. ಮನೆತನ, ಆರೋಗ್ಯ, ಅಂತಸ್ತು. ಅದನ್ನೆಲ್ಲ ಬಟ್ಟೆಯೇ ಹೇಳಬೇಕು.

ವೆಲಾಸ್ಕೆಸ್ ದೊಡ್ಡವನು, ಅದರಲ್ಲಿ ತಕರಾರಿಲ್ಲ. ಆದರೆ ಅವನು ಬರೆದ ರಾಣಿ ಮರಿಯಾನಾಳ ಚಿತ್ರದ ಬೆಳ್ಳಿ ಜರಿಯನ್ನು ದೊಡ್ಡದು ಮಾಡಿ ನೋಡಿದರೆ ಬರೀ ಕುಂಚದ ಗೀಟುಗಳು. ದೂರ ಸರಿದರೆ ಮಾತ್ರ ಜರಿ. ಕೊಯೆಯೋನ ಚಿತ್ರ ನೋಡಿ ನಾನು ಪ್ಯಾಟರ್ನ್ ಕತ್ತರಿಸಬಲ್ಲೆ.

ಅವನಿಗೆ ಮುಖ ಬರೆಯಲು ಬರುತ್ತಿರಲಿಲ್ಲ ಅನ್ನುವವರಿಗೆ ಮಗ್ದಲೇನಾ ರೂಯಿಸ್‌ಳನ್ನು ತೋರಿಸುತ್ತೇನೆ. 1585-88ರ ಚಿತ್ರದಲ್ಲಿ ಅದೇ ಇಸಬೆಲ್ ದೊಡ್ಡವಳಾಗಿ ನಿಂತಿದ್ದಾಳೆ. ಒಂದು ಕೈಯಲ್ಲಿ ಅಪ್ಪನ ಮುಖ ಕೆತ್ತಿದ ಪುಟ್ಟ ಒಡವೆ. ಇನ್ನೊಂದು ಕೈ ಪಕ್ಕದಲ್ಲಿ ಮಂಡಿಯೂರಿದ ಮುದುಕಿಯ ತಲೆ ಮೇಲೆ. ಆ ಮುದುಕಿಯೇ ಮಗ್ದಲೇನಾ, ಅರಮನೆಯ ಆಳು. ಕೈಯಲ್ಲಿ ಎರಡು ಮಂಗ. ಸುಕ್ಕು, ಬಳಲಿಕೆ, ಸ್ವಲ್ಪ ಸಿಡುಕು, ಎಲ್ಲ ಆ ಮುಖದಲ್ಲಿದೆ. ಫಿಲಿಪ್ ಲಿಸ್ಬನ್‌ನಿಂದ ಮಗಳಂದಿರಿಗೆ ಬರೆದ ಪತ್ರಗಳಲ್ಲೂ ಇವಳು ಬರುತ್ತಾಳೆ. ರಾಜನ ಮೇಲೆಯೇ ಕೋಪಿಸಿಕೊಳ್ಳುವವಳು! ಆಳಿನ ಮುಖದಲ್ಲಿ ನಿಜ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಅಲ್ವಾ?

ಕೊಯೆಯೋ 1588ರಲ್ಲಿ ತೀರಿಕೊಂಡ. 1604ರಲ್ಲಿ ಎಲ್ ಪಾರ್ದೋ ಅರಮನೆಗೆ ಬೆಂಕಿ ಬಿದ್ದು, ಅಲ್ಲಿನ ರಾಜಮನೆತನದ ಚಿತ್ರಸಾಲೆ ಸುಟ್ಟುಹೋಯಿತು. ಅವನ ಎಷ್ಟೋ ಕೆಲಸ ಅದರಲ್ಲಿ ಹೋಯಿತು. ಆ ಗೋಡೆಗಳನ್ನು ಮತ್ತೆ ತುಂಬುವ ಕೆಲಸ ಶಿಷ್ಯ ಪಾಂತೋಹಾ ದೆ ಲಾ ಕ್ರೂಸ್‌ಗೆ ಬಂತು. ಪಾಂತೋಹಾ ಲೇಸನ್ನು ಗುರುವಿಗಿಂತ ಇನ್ನೂ ಚೊಕ್ಕವಾಗಿ ಬರೆಯುತ್ತಾನೆ. ಆದರೆ ಅವನ ತೋಳುಗಳೊಳಗೆ ಕೈ ಇದೆ ಅನ್ನಿಸುವುದಿಲ್ಲ.