ತಾಯಿಯ ಸಕ್ಕರೆ, ಮಗುವಿನ ಇನ್ಸುಲಿನ್

ಗರ್ಭಿಣಿಯಾಗಿದ್ದಾಗ ನನ್ನ ತಂಗಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಕಾಯಿಲೆಗಿಂತಲೂ ಅವಳನ್ನು ಹೆಚ್ಚು ನೋಯಿಸಿದ್ದು, ಸಿಹಿ ತಿಂದು ತಾನಾಗಿ ತಂದುಕೊಂಡಳು ಎಂಬ ಸುತ್ತಲಿನವರ ಮಾತು. ಆ ಮಾತಿನಲ್ಲಿ ಹುರುಳಿಲ್ಲ. ಮಗುವಿಗೆ ಸಾಕಷ್ಟು ಗ್ಲೂಕೋಸ್ ಸಿಗಲೆಂದು ಮಾಸು (ಪ್ಲಾಸೆಂಟಾ) ಸ್ರವಿಸುವ ಹಾರ್ಮೋನುಗಳು ಎಲ್ಲ ಗರ್ಭಿಣಿಯರಲ್ಲೂ ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್‌ನ ಪ್ರಭಾವವನ್ನು ತಗ್ಗಿಸುತ್ತವೆ. ಅದನ್ನು ಸರಿದೂಗಿಸುವಷ್ಟು ಇನ್ಸುಲಿನ್ ತಯಾರಿಸಲು ಕೆಲವರ ಮೇದೋಜೀರಕ ಗ್ರಂಥಿಗೆ ಆಗುವುದಿಲ್ಲ. ಬಸಿರಿನ ಉತ್ತರಾರ್ಧದಲ್ಲಿ ಇದು ತೀವ್ರವಾಗುವುದರಿಂದಲೇ 24ರಿಂದ 28ನೆಯ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ರಕ್ತಪರೀಕ್ಷೆ ಮಾಡುವ ಪದ್ಧತಿಯಿದೆ.

ತಾಯಿಯ ಗ್ಲೂಕೋಸ್ ಮಾಸನ್ನು ಸುಲಭವಾಗಿ ದಾಟುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಹೆಚ್ಚಿದ ಸಕ್ಕರೆಯನ್ನು ನಿಭಾಯಿಸಲು ಮಗುವೇ ಹೆಚ್ಚು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಆ ಇನ್ಸುಲಿನ್ ಮಗುವಿನ ಭುಜ ಮತ್ತು ಮುಂಡದ ಸುತ್ತ ಕೊಬ್ಬು ತುಂಬಿಸುತ್ತದೆ. ಹೆರಿಗೆಯ ವೇಳೆ ತಲೆ ಹೊರಬಂದ ಮೇಲೂ ಭುಜ ಸಿಕ್ಕಿಕೊಂಡು ತೋಳಿನ ನರಗಳಿಗೆ ಪೆಟ್ಟಾಗಬಹುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಂತರೂ ಇನ್ಸುಲಿನ್ ಅಷ್ಟೇ ಬೇಗ ಇಳಿಯದ ಕಾರಣ, ಮೊದಲ ಕೆಲವು ಗಂಟೆಗಳಲ್ಲಿ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮಗು ನಡುಗಬಹುದು, ಮಂಕಾಗಬಹುದು, ಅಥವಾ ಯಾವ ಲಕ್ಷಣವನ್ನೂ ತೋರದಿರಬಹುದು. ಎಳೆಯ ಹಿಮ್ಮಡಿಗೆ ಮತ್ತೆ ಮತ್ತೆ ಸೂಜಿ ಚುಚ್ಚಿ ಹನಿ ರಕ್ತ ತೆಗೆಯುವುದನ್ನು ನೋಡಲು ಕರುಳು ಚುರುಕ್ಕೆನ್ನುತ್ತದೆ, ಆದರೆ ಅದನ್ನು ಬೇಡವೆನ್ನಬಾರದು. ಮೊದಲ ಗಂಟೆಯೊಳಗೆ ಹಾಲೂಡಿಸುವುದೂ ಅಷ್ಟೇ ಮುಖ್ಯ. ಕಾಮಾಲೆ, ಉಸಿರಾಟದ ತೊಂದರೆಗಳೂ ಇಂಥ ಮಕ್ಕಳಲ್ಲಿ ಹೆಚ್ಚು.

ತಾಯಿಗೆ ರಕ್ತದೊತ್ತಡ ಏರಿ ಅಂಗಾಂಗಗಳಿಗೆ ಧಕ್ಕೆ ತರಬಲ್ಲ ಪ್ರಿಎಕ್ಲಾಂಪ್ಸಿಯಾ ಆಗುವ, ಸಿಸೇರಿಯನ್ ಬೇಕಾಗುವ ಸಂಭವ ಹೆಚ್ಚುತ್ತದೆ. ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದವರ ವಿಷಯ ಇನ್ನೂ ಗಂಭೀರ: ಮಗುವಿನ ಹೃದಯ, ಬೆನ್ನುಹುರಿಗಳು ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ, ಅಂದರೆ ಎಷ್ಟೋ ಮಂದಿಗೆ ತಾವು ಬಸಿರೆಂದು ಗೊತ್ತಾಗುವ ಮೊದಲೇ. ಆಗ ಸಕ್ಕರೆ ಹೆಚ್ಚಿದ್ದರೆ ಆ ಅಂಗಗಳ ರಚನೆಯಲ್ಲೇ ದೋಷ ಉಂಟಾಗಬಹುದು, ಹಾಗಾಗಿ ಅವರು ಸಕ್ಕರೆಯನ್ನು ಹತೋಟಿಗೆ ತಂದುಕೊಂಡೇ ಗರ್ಭ ಧರಿಸುವುದು ಕ್ಷೇಮ.

ಪಥ್ಯ ಮತ್ತು ಊಟದ ನಂತರದ ನಡಿಗೆಯಿಂದ ಅನೇಕರಲ್ಲಿ ಸಕ್ಕರೆ ಹತೋಟಿಗೆ ಬರುತ್ತದೆ. ಬರದಿದ್ದರೆ ಇನ್ಸುಲಿನ್‌ಗೆ ಹೆದರಿ ದಿನ ದೂಡಬಾರದು. ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಖಾಲಿ ಹೊಟ್ಟೆಯಲ್ಲಿ 95, ಊಟವಾದ ಎರಡು ಗಂಟೆಗೆ 120 ಮಿಲಿಗ್ರಾಂಗಿಂತ ಕಡಿಮೆ ಇರಲೆಂಬುದು ಸಾಮಾನ್ಯ ಗುರಿ.

ಹೆರಿಗೆಯಾದ ಮೇಲೆ ಹೆಚ್ಚಿನವರಲ್ಲಿ ಸಕ್ಕರೆ ಸಹಜಕ್ಕೆ ಮರಳುತ್ತದೆ, ಎಲ್ಲರ ಗಮನವೂ ಮಗುವಿನತ್ತ ತಿರುಗುತ್ತದೆ. ನನಗೆ ಅತ್ಯಂತ ಕಳವಳ ತರುವುದು ಈ ಘಟ್ಟವೇ, ಏಕೆಂದರೆ ಇವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಉಳಿದ ತಾಯಂದಿರಿಗಿಂತ ಹಲವು ಪಟ್ಟು ಹೆಚ್ಚು. ಹೆರಿಗೆಯಾದ 4ರಿಂದ 12 ವಾರಗಳೊಳಗೆ ತಾಯಿಗೆ ಮತ್ತೊಮ್ಮೆ ಗ್ಲೂಕೋಸ್ ಪರೀಕ್ಷೆ ಆಗಬೇಕು. ಅದು ಸರಿಯಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಬೇಕು. ಮಗುವಿನ ಲಸಿಕೆಯ ದಿನಗಳನ್ನು ಗುರುತಿಟ್ಟುಕೊಳ್ಳುವ ಮನೆಯವರು ಈ ದಿನಾಂಕವನ್ನೂ ಅಲ್ಲೇ ಬರೆದಿಟ್ಟುಕೊಳ್ಳಲಿ.