ಫ್ರೀ ಡಿಶ್ ಕೂರಿಸುವಾಗ ತಪ್ಪುವುದು ಎಲ್ಲಿ?

ಹೆಂಚಿನ ಮೇಲೆ ಇನ್ನೂ ನಿಂತಿರುವ ಕಡ್ಡಿ ಆಂಟೆನಾವನ್ನು ಎಷ್ಟು ತಿರುಗಿಸಿದರೂ ಚಂದನ ಬರುವುದಿಲ್ಲ. 2022ರ ಹೊತ್ತಿಗೆ ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಬಹುಪಾಲು ನಿಲ್ಲಿಸಿದೆ. ಕೇಬಲ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಲಾಗದ ಮನೆಗೆ ಇರುವ ಒಳ್ಳೆಯ ದಾರಿ ಡಿಡಿ ಫ್ರೀ ಡಿಶ್, ಅಂದರೆ ಉಪಗ್ರಹದಿಂದ ನೇರವಾಗಿ ಬರುವ ದೂರದರ್ಶನದ ಉಚಿತ ಟಿವಿ ಸೇವೆ. ಡಿಶ್, ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಾಧನ), ಕೇಬಲ್, ಬಾಕ್ಸ್‌ಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಇದಕ್ಕೆ ರೀಚಾರ್ಜ್ ಇಲ್ಲ. ಯಾರಾದರೂ ರೀಚಾರ್ಜ್ ದುಡ್ಡು ಕೇಳಿದರೆ ಕೊಡಬೇಡಿ.

ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಅದು ಉತ್ತರದಿಂದ ಬಲಕ್ಕೆ 128 ಡಿಗ್ರಿ, ಅಂದರೆ ಆಗ್ನೇಯಕ್ಕೆ, ನೆಲದಿಂದ 66 ಡಿಗ್ರಿ ಎತ್ತರದಲ್ಲಿ. ಬೀದರಿನಲ್ಲಿ 137 ಮತ್ತು 62. ಮಂಗಳೂರಿನಲ್ಲಿ 123 ಮತ್ತು 64ರ ಆಸುಪಾಸು. ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿ, ಇಲ್ಲದಿದ್ದರೆ ಮುಳ್ಳು ತಪ್ಪು ತೋರಿಸುತ್ತದೆ. ಕಂಬ ನೆಟ್ಟಗಿರಬೇಕು; ವಾಲಿದ್ದರೆ ಡಿಶ್ ಬ್ರಾಕೆಟ್ ಮೇಲಿನ ಎತ್ತರದ ಅಂಕಿಗೆ ಅರ್ಥವಿಲ್ಲ.

ಬಹಳ ಜನ ಎಡವುವುದು ಡಿಶ್‌ನ ಓರೆಯಲ್ಲಿ. ನಮ್ಮ ಮನೆಗಳ ಮೇಲಿರುವುದು ಆಫ್‌ಸೆಟ್ ಡಿಶ್. ಅದರ ಮುಖ ಎತ್ತ ಇದೆಯೋ ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಿನ ಆಕಾಶವನ್ನು ಅದು ನೋಡುತ್ತಿರುತ್ತದೆ. ಹಾಗಾಗಿ ಎದುರಿಗೇ ಕಾಣುವ ಪಕ್ಕದ ಮನೆಯ ಗೋಡೆ ಅಡ್ಡಿಯಾಗದೆ, ನೆತ್ತಿಯ ಹತ್ತಿರಕ್ಕೆ ಬಾಗಿದ ತೆಂಗಿನ ಗರಿ ಅಡ್ಡಿಯಾಗಬಹುದು. ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆಯುತ್ತಿದ್ದರೆ ಮೊದಲು ಆ ಗರಿಯನ್ನು ನೋಡಿ.

ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಫ್ರೀಕ್ವೆನ್ಸಿಗೆ 11090, ಪೋಲರೈಸೇಷನ್‌ಗೆ ವರ್ಟಿಕಲ್, ಸಿಂಬಲ್ ರೇಟ್‌ಗೆ 29500 ಹಾಕಿ. ಎಲ್‌ಎನ್‌ಬಿ ಬಗೆ ಕೇಳುವಲ್ಲಿ ಯೂನಿವರ್ಸಲ್, 9750/10600 ಆರಿಸಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಪಟ್ಟಿ ಡಿಶ್ ಎತ್ತ ತಿರುಗಿದ್ದರೂ ಏರಿರಬಹುದು, ಅದನ್ನು ನಂಬಬೇಡಿ. ಕ್ವಾಲಿಟಿ ಏರಿದರೆ ಮಾತ್ರ ಉಪಗ್ರಹ ಸಿಕ್ಕಿದೆ. ಒಮ್ಮೆಗೆ ಬೆರಳಿನಷ್ಟೇ ಸರಿಸಿ, ಎರಡು ಮೂರು ಸೆಕೆಂಡ್ ಕಾಯಿರಿ. ಡಿಜಿಟಲ್ ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಸರಸರ ತಿರುಗಿಸಿದವರು ಸರಿಯಾದ ಜಾಗವನ್ನು ದಾಟಿ ಹೋಗಿರುತ್ತಾರೆ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೇ ನಿಧಾನ ತಿರುಗಿಸಿ, ಕ್ವಾಲಿಟಿ ಅತಿ ಹೆಚ್ಚಿರುವಲ್ಲಿ ಬಿಗಿ ಮಾಡಿ. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರಿಗೆ ಮಳೆಗಾಲದಲ್ಲಿ ಕಷ್ಟ ಗೊತ್ತಾಗುತ್ತದೆ.

ಅನಲಾಗ್‌ನಲ್ಲಿ ಸಿಗ್ನಲ್ ಕುಗ್ಗಿದರೆ ಪರದೆಯಲ್ಲಿ ಚುಕ್ಕೆ ಚುಕ್ಕೆ ಬರುತ್ತಿತ್ತು, ಮಾತಾದರೂ ಕೇಳುತ್ತಿತ್ತು. ಡಿಜಿಟಲ್‌ನಲ್ಲಿ ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛ, ಅದರ ಕೆಳಗೆ ಚೌಕಗಳು, ಆಮೇಲೆ ಏನೂ ಇಲ್ಲ. ಹಾಗಾಗಿ ಬಿಸಿಲಿನಲ್ಲಿ ಚೆನ್ನಾಗಿ ಬಂದರೆ ಸಾಲದು, ಸಿಗ್ನಲ್ ಆ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ಮಲೆನಾಡಿನಲ್ಲಿ 60 ಸೆಂ.ಮೀ. ಬದಲು 75 ಸೆಂ.ಮೀ. ಡಿಶ್ ಹಾಕಿದರೆ ಹಿಡಿಯುವ ವಿಸ್ತೀರ್ಣ ಒಂದೂವರೆ ಪಟ್ಟು. ಆದರೂ ಜಡಿಮಳೆಯ ಹತ್ತು ನಿಮಿಷ ಚಿತ್ರ ಹೋಗಬಹುದು.

ಡಿಶ್‌ನಿಂದ ಬಾಕ್ಸ್‌ಗೆ ಬರುವ ಆರ್‌ಜಿ-6 ಕೇಬಲ್‌ನ ತುದಿಗೆ ತಿರುಪಿನ ಎಫ್ ಕನೆಕ್ಟರ್ ಹಾಕುವಾಗ ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗಿ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದಿಲ್ಲ. ಬಾಕ್ಸ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮೊದಲು ಆ ಕನೆಕ್ಟರನ್ನು ಬಿಚ್ಚಿ ನೋಡಿ. ನಡುವಿನ ತಂತಿ ಎರಡು ಮೂರು ಮಿ.ಮೀ. ಹೊರಗೆ ಕಾಣಬೇಕು, ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸದಾಗಿ ಹಾಕಿ. ಎಲ್‌ಎನ್‌ಬಿ ಕೆಳಗೆ ಕೇಬಲ್ ಒಮ್ಮೆ ಇಳಿಬಿದ್ದು ಏರಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಚಾನೆಲ್‌ಗಳು ಪ್ರಸಾರ ಭಾರತಿಯ ಹರಾಜಿನಲ್ಲಿ ಜಾಗ ಪಡೆಯುವುದರಿಂದ ಏಪ್ರಿಲ್ 1ರ ಸುಮಾರಿಗೆ ಪಟ್ಟಿ ಬದಲಾಗುತ್ತದೆ. ಆಗ ಡಿಶ್ ಮುಟ್ಟಬೇಡಿ, ಬಾಕ್ಸ್‌ನಲ್ಲಿ ಆಟೋ ಸ್ಕ್ಯಾನ್ ಮಾಡಿ. ಆಮೇಲೂ ಕೆಲವು ಬಾರದಿದ್ದರೆ ನಿಮ್ಮದು ಹಳೆಯ ವಿಡಿಯೊ ಬಗೆಯಾದ ಎಂಪೆಗ್-2 ಬಾಕ್ಸ್ ಇರಬಹುದು. ಹೊಸ ಬಗೆಯಾದ ಎಂಪೆಗ್-4 ಚಾನೆಲ್‌ಗಳನ್ನು ಅದು ತೋರಿಸುವುದಿಲ್ಲ.